ಗಡಿ ಕಾಣದ ಆಟ

ರಾಯದುರ್ಗದಿಂದ ಮಡಕಶಿರದವರೆಗೆ ಊರಫಲಕಗಳು ತೆಲುಗು, ಮನೆಮಾತು ಮಾತ್ರ ಅನೇಕ ಕಡೆ ಕನ್ನಡ. 1953ರಲ್ಲಿ ಬಳ್ಳಾರಿ ಜಿಲ್ಲೆ ಹಂಚಿಹೋದಾಗ ರಾಯದುರ್ಗ ಆಂಧ್ರಕ್ಕೆ ಸೇರಿತು. ಅನಂತಪುರದಲ್ಲಿದ್ದ ಮಡಕಶಿರ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ.

ಈ ಸೀಮೆಯ ತಾಂಡಾಗಳ ಲಂಬಾಣಿಗರಿಗೆ ಗಡಿಯ ಗೆರೆ ಇನ್ನೊಂದು ಬಗೆಯಲ್ಲಿ ತಾಗಿದೆ. ಆಂಧ್ರದಲ್ಲಿ ಅವರು ಸುಗಾಲಿಗಳು, ಪರಿಶಿಷ್ಟ ಪಂಗಡ. ಕರ್ನಾಟಕದಲ್ಲಿ ಅದೇ ಜನ ಪರಿಶಿಷ್ಟ ಜಾತಿ. ಅಕ್ಕನ ಮಕ್ಕಳು ಒಂದು ಪಟ್ಟಿಯಲ್ಲಿ, ಗಡಿಯಾಚೆಯ ತಂಗಿಯ ಮಕ್ಕಳು ಇನ್ನೊಂದರಲ್ಲಿ!

ಆ ಕಡೆ ಹೋಗಿದ್ದಾಗ ಒಂದು ಸಂಜೆ ತಾಂಡಾದಲ್ಲಿ ಹುಡುಗರು ಕಬಡ್ಡಿ ಆಡುತ್ತಿದ್ದರು; ಪಕ್ಕದಲ್ಲೇ ಹೆಂಗಸರು ಸುತ್ತುಗಟ್ಟಿ ಕುಣಿಯುತ್ತಿದ್ದರು. “ಯಾರು ಗೆದ್ದರಜ್ಜಿ?” ಎಂದೆ. “ಆಚೆಯಿಂದ ನೆಂಟರು ಬಂದವ್ರೆ ಫಾದರ್, ಗೆಲ್ಲೋದು ಯಾರನ್ನ?” ಎಂದು ಅಜ್ಜಿ ನಕ್ಕರು.

ಬ್ರೆಜಿಲ್ ದೇಶದ ಮೂಲನಿವಾಸಿಗಳು 1996ರಲ್ಲಿ ಗೊಯಾನಿಯಾ ನಗರದಲ್ಲಿ ಆರಂಭಿಸಿದ ಕ್ರೀಡಾಕೂಟದ ಧ್ಯೇಯವೂ ಇದೇ: ಗೆಲ್ಲುವುದಲ್ಲ, ಸಂಭ್ರಮಿಸುವುದು ಮುಖ್ಯ. 2015ರಲ್ಲಿ ಅದೇ ದೇಶದ ಪಾಲ್ಮಸ್‌ನಲ್ಲಿ ಜಗತ್ತಿನ ಮೂಲನಿವಾಸಿಗಳೆಲ್ಲರ ಕೂಟ ನಡೆಯಿತು. ಮರದ ದಿಮ್ಮಿ ಹೊತ್ತು ಓಡುವ ಆಟ, ಬಿಲ್ಲುಗಾರಿಕೆ, ಹಗ್ಗಜಗ್ಗಾಟಗಳ ಜೊತೆಗೆ ಹಾಡು-ಕುಣಿತವೂ ಅಲ್ಲಿತ್ತು.

ನಮ್ಮ ಶಾಲೆಗಳ ಕ್ರೀಡಾಕೂಟಕ್ಕೆ ತಾಂಡಾದ ಮಕ್ಕಳನ್ನು ಓಡಲು ಕರೆಯುತ್ತೇವೆ. ಅವರ ನಗಾರಿಯನ್ನೂ ಅಜ್ಜಿಯನ್ನೂ ಕರೆಯುವುದು ಯಾವಾಗ?