ವರ್ಣಕ್ಕೊಂದು ವರ್ಣ

‘ವರ್ಣ’ವೆಂಬ ಶಬ್ದಕ್ಕೆ ಬಣ್ಣವೆಂದೂ ಅಕ್ಷರವೆಂದೂ ಎರಡು ಅರ್ಥಗಳುಂಟು. ಶ್ರೀಮಠದ ಪ್ರೌಢಶಾಲೆಯಲ್ಲಿ ಮೂರು ದಶಕಗಳ ಕಾಲ ಕನ್ನಡ ಬೋಧಿಸಿದ ಹೊಸಪೇಟೆಯ ಪಂಡಿತರೊಬ್ಬರು ವರ್ಣಮಾಲೆಯ ಪಾಠಕ್ಕೆ ತೊಡಗುವಾಗಲೆಲ್ಲ ಈ ಶ್ಲೇಷೆಯನ್ನು ಮಕ್ಕಳಿಗೆ ತಪ್ಪದೆ ತಿಳಿಸುತ್ತಿದ್ದರು. ಅಕ್ಷರವೆಂಬ ವರ್ಣ ಅವರಿಗೆ ಕರತಲಾಮಲಕವಾಗಿತ್ತು. ಬಣ್ಣವೆಂಬ ವರ್ಣದ ವಿಷಯದಲ್ಲಿ ಮಾತ್ರ ಅವರದೊಂದು ಗುಟ್ಟಿತ್ತು. ಅದು ಹೊರಬಿದ್ದದ್ದು ಗಣಕಯಂತ್ರದ ಮುಂದೆ.

ಕಂಪ್ಲಿಯ ಒಂದು ಮನೆತನದಲ್ಲಿ ಪೂಜೆಗೊಳ್ಳುತ್ತ ಬಂದ ತಾಡವೋಲೆಯ ಕಟ್ಟೊಂದು, ಸಂಡೂರಿನ ಇನ್ನೊಂದು ಮನೆತನದ ಕಾಗದದ ಪ್ರತಿಯೊಂದು. ಈ ಎರಡರಲ್ಲಿಯೂ ಒಂದೇ ಭಾಮಿನೀ ಷಟ್ಪದಿಯ ಕಾವ್ಯವಿರುವುದನ್ನು ಪಂಡಿತರು ಗುರುತಿಸಿದ್ದರು. ಅದನ್ನು ಪರಿಷ್ಕರಿಸಿ ಅಚ್ಚು ಹಾಕಿಸಬೇಕೆಂಬುದು ಅವರ ಬಹುದಿನದ ಬಯಕೆ. ಎರಡು ಪಾಠಗಳನ್ನೂ ಬೆರಳಚ್ಚು ಮಾಡಿಸಿದ್ದಾಯಿತು. ಸಾಲುಸಾಲಾಗಿ ಹೋಲಿಸುವ ಕೆಲಸಕ್ಕೆ ಅವರ ಹಳೆಯ ವಿದ್ಯಾರ್ಥಿನಿ, ಕಂಪ್ಲಿಯ ಹೆಣ್ಣುಮಗಳು, ಬೆಂಗಳೂರಿನಲ್ಲಿ ಗಣಕಯಂತ್ರದ ವೃತ್ತಿಯಲ್ಲಿರುವವಳು, ತಾನಾಗಿಯೇ ಮುಂದೆ ಬಂದಳು.

ಅವಳು ತೆರೆದು ತೋರಿಸಿದ್ದು ಚಿತ್ರಗಳಿಲ್ಲದ, ಒತ್ತುಗುಂಡಿಗಳಿಲ್ಲದ ಬರಿಯ ಕಪ್ಪು ಪರದೆ. ಅದರ ಮೇಲೆ ಬಿಳಿಯ ಅಕ್ಷರಗಳು. ಅದಕ್ಕೆ ಟರ್ಮಿನಲ್ ಎಂದು ಹೆಸರು. ಪಂಡಿತರಿಗೆ ಅದು ಹೊಸದೆನಿಸಲೇ ಇಲ್ಲ. “ಇದು ಕಡತವಲ್ಲವೇ ತಾಯಿ!” ಎಂದರು. ಹುಣಿಸೆಬೀಜದ ಸರಿಯಲ್ಲಿ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಾಡಿ, ಬಳಪದಿಂದ ಬರೆಯುತ್ತಿದ್ದ ಕಪ್ಪು ಪುಸ್ತಕವೇ ಕಡತ. ವರ್ತಕರು ಲೆಕ್ಕ ಬರೆದು, ಅಳಿಸಿ, ಮತ್ತೆ ಬರೆಯುತ್ತಿದ್ದುದು ಅದರಲ್ಲಿಯೇ. ಇಂದು ಕಚೇರಿಯ ಫೈಲಿಗೂ ಗಣಕದ ಫೈಲಿಗೂ ಅದೇ ಹೆಸರು ನಿಂತಿರುವುದು ಸೊಗಸಾಗಿದೆ.

ಈ ಕಪ್ಪು ನೆಲದ ಮೇಲೆ ಬಣ್ಣ ಮೂಡುವ ಬಗೆ ವಿಚಿತ್ರವಾದುದು. ಅಕ್ಷರಗಳು ಸಾಗುವ ದಾರಿಯಲ್ಲಿಯೇ ಅಪ್ಪಣೆಗಳೂ ಸಾಗುತ್ತವೆ. ಯಂತ್ರದೊಳಗೆ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯಿದೆ. 27 ಎಂಬುದು ‘ಎಸ್ಕೇಪ್’ ಎಂಬ, ಕಣ್ಣಿಗೆ ಕಾಣದ ಸಂಕೇತ. ಅದರ ಬೆನ್ನಿಗೆ ಒಂದು ಚೌಕ ಕಂಸ, ಒಂದು ಸಂಖ್ಯೆ, ಕೊನೆಯಲ್ಲಿ ಇಂಗ್ಲಿಷಿನ ‘ಎಮ್’ ಬಂದರೆ ಪರದೆಯು ಅದನ್ನು ಬರಹವೆಂದು ತೋರಿಸದೆ ಆಜ್ಞೆಯೆಂದು ಪಾಲಿಸುತ್ತದೆ. 31 ಎಂದರೆ ಕೆಂಪು, 32 ಹಸಿರು, 33 ಹಳದಿ, 34 ನೀಲಿ. 40ರಿಂದ 47ರ ವರೆಗಿನವು ನೆಲದ ಬಣ್ಣಗಳು. 1 ದಪ್ಪಕ್ಷರ, 4 ಅಡಿಗೆರೆ. 7 ಎಂದರೆ ನೆಲ ಮತ್ತು ಅಕ್ಷರಗಳ ಬಣ್ಣ ಅದಲುಬದಲು. 0 ಎಂದರೆ ತೊಡಿಸಿದ್ದನ್ನೆಲ್ಲ ಕಳಚಿ ಮೊದಲಿನಂತೆ ಮಾಡುವುದು. ಇಂತಹ ಸಂಕೇತಗಳಿಗೆ ಕಟ್ಟುಪಾಡು ಮಾಡಿದ ಎಕ್ಮಾ-48 ಎಂಬ ಮಾನಕ 1976ರಲ್ಲಿ ಮೊದಲು ಪ್ರಕಟವಾಯಿತು. 1978ರಲ್ಲಿ ಬಂದು ಹೆಸರಾದ ವಿಟಿ-100 ಎಂಬ ಯಂತ್ರಕ್ಕೆ ಬಣ್ಣವೇ ಇರಲಿಲ್ಲ. ಅಡಿಗೆರೆ, ಅದಲುಬದಲು ಮುಂತಾದವುಗಳಿಂದಲೇ ಅದು ಒತ್ತುಕೊಡಬೇಕಿತ್ತು. ಈಗಿನವು 1,67,77,216 ಬಣ್ಣಗಳನ್ನು ಬಲ್ಲವು.

ವಿದ್ಯಾರ್ಥಿನಿಯು ಅಷ್ಟರಲ್ಲಿ ಎರಡನ್ನೇ ಆರಿಸಿಕೊಂಡಳು. ಎರಡೂ ಪ್ರತಿಗಳಲ್ಲಿ ಸಮನಾದುದು ಬಿಳಿ. ತುಂಗಭದ್ರೆಯ ನೀರುಂಡ ಕಂಪ್ಲಿಯ ಗದ್ದೆಗಳ ನೆನಪಿಗೆ ಕಂಪ್ಲಿಯ ಪಾಠ ಹಸಿರು. ಅದಿರಿನ ಧೂಳಿನ ಸಂಡೂರಿನ ಪಾಠ ಕೆಂಪು. ಊರಿನ ಮೇಲಣ ಪ್ರೀತಿಯಿಂದ ಮಾಡಿದ ಆಯ್ಕೆ ಅದು.

ಮೊದಲ ದಿನವೇ ಪಂಡಿತರು ಒಂದು ದೋಷ ಹಿಡಿದರು. ಕಂಪ್ಲಿಯ ಓಲೆಯಲ್ಲಿ ‘ಭಕ್ತಿ’ ಎಂದಿದ್ದೆಡೆ ಸಂಡೂರಿನಲ್ಲಿ ‘ಭಕುತಿ’ ಎಂದಿತ್ತು. ಯಂತ್ರದ ಲೆಕ್ಕದಲ್ಲಿ ಈ ಎರಡಕ್ಕೂ ಇರುವ ಭೇದ ಒಂದೇ ಚಿಹ್ನೆಯದು: ಅಲ್ಲಿ ಹಲಂತ, ಇಲ್ಲಿ ಉಕಾರದ ಕೊಂಬು. ಅದು ಆ ಚಿಹ್ನೆಗಳಿಗೆ ಮಾತ್ರ ಬಣ್ಣ ಹಚ್ಚಿತು. ನಡುವೆ ಬಣ್ಣದ ಅಪ್ಪಣೆ ನುಗ್ಗಿದೊಡನೆ ಒತ್ತಕ್ಷರ ಬಿರಿದು, ಹಸಿರು ಹಲಂತವೊಂದು ಚುಕ್ಕೆಗಳ ವೃತ್ತಕ್ಕೆ ಜೋತುಬಿದ್ದು ನಿಂತಿತು. “ತಾಯಿ, ಅಕ್ಷರವನ್ನು ಸೀಳಬಾರದು. ಬಣ್ಣ ಉಡಿಸುವುದಾದರೆ ಇಡಿಯ ಅಕ್ಷರಕ್ಕೆ ಉಡಿಸು, ಸಾಧ್ಯವಾದರೆ ಇಡಿಯ ಪದಕ್ಕೆ” ಎಂದರು. ಅವಳು ಹಾಗೆಯೇ ತಿದ್ದಿದಳು. ಇಂತಹ ಕಡೆಗಳಲ್ಲಿ ಛಂದಸ್ಸು ನೆರವಾಗದು. ‘ಭಕ್ತಿ’ ಗುರು-ಲಘು, ‘ಭಕುತಿ’ ಮೂರು ಲಘು. ಎರಡೂ ಮೂರೇ ಮಾತ್ರೆ, ಭಾಮಿನಿಯ ಗಣಕ್ಕೆ ಎರಡೂ ಒಪ್ಪುತ್ತವೆ. ಯಾವ ಪ್ರತಿ ಏನೆನ್ನುತ್ತದೆ ಎಂಬುದೊಂದೇ ಆಧಾರ.

ಅವಳು ಯಂತ್ರವನ್ನು ಗುರುಗಳ ಮನೆಯಲ್ಲಿ ಬಿಟ್ಟು ಬೆಂಗಳೂರಿಗೆ ಮರಳಿದಳು. ಪಂಡಿತರು ಸಂಜೆಯ ಹೊತ್ತು ಒಬ್ಬರೇ ಕುಳಿತು ಸಂಧಿಸಂಧಿಯಾಗಿ ಕಾವ್ಯವನ್ನು ಮುಗಿಸಿದರು. ಮುನ್ನುಡಿಯನ್ನೂ ಬರೆದು ಮುದ್ರಣಾಲಯಕ್ಕೆ ಕೊಟ್ಟರು. ಸಂಡೂರಿನ ಪ್ರತಿ ಲೋಪಭೂಯಿಷ್ಠವಾದುದು, ಪಾಠನಿರ್ಣಯಕ್ಕೆ ಒದಗುವಂತಹುದಲ್ಲ ಎಂದು ಅದರಲ್ಲಿ ಬರೆದಿದ್ದರು.

ದೀಪಾವಳಿಗೆ ಬಂದ ವಿದ್ಯಾರ್ಥಿನಿ ಏನನ್ನೋ ನೋಡಲೆಂದು ಅದೇ ಕ್ರಮವಿಧಿಯನ್ನು ಓಡಿಸಿ ನಡುವೆಯೇ ನಿಲ್ಲಿಸಿದಳು. 31 ಹೋಗಿತ್ತು, 0 ಹೋಗಿರಲಿಲ್ಲ. ತೆರೆದವರು ಮುಚ್ಚದಿದ್ದರೆ ಆ ಬಣ್ಣ ಅಲ್ಲಿಂದ ಮುಂದಿನ ಎಲ್ಲಕ್ಕೂ ಹಬ್ಬುತ್ತದೆ. (ಭಾರತೀಯ ಲಿಪಿಗಳಿಗಾಗಿ 1991ರಲ್ಲಿ ಬಂದ ಇಸ್ಕಿ ಮಾನಕ ಈ ವಿಷಯದಲ್ಲಿ ಜಾಣತನ ತೋರಿದೆ. ಅಕ್ಷರವನ್ನು ದಪ್ಪ ಮಾಡುವುದಕ್ಕೂ ಒಂದು ಲಿಪಿಯಿಂದ ಕನ್ನಡಕ್ಕೆ ಬದಲಾಗುವುದಕ್ಕೂ ಅದರಲ್ಲಿ ಒಂದೇ ಸಂಕೇತದ ಪೀಠಿಕೆ. ಅದರ ಅಧಿಕಾರ ಸಾಲಿನ ಕೊನೆಗೆ ತಾನಾಗಿ ಮುಗಿಯುತ್ತದೆ.) ಇರಲಿ. ಪರದೆಯಲ್ಲಿ ಮುಂದೆ ಬಂದ ಸಾಲುಗಳೆಲ್ಲ ಕೆಂಪಾದವು.

“ಕರೆಂಟು ಹೋಯಿತೇ ತಾಯಿ? ಪರದೆ ಕತ್ತಲಾಯಿತಲ್ಲ” ಎಂದರು ಪಂಡಿತರು.

“ಇಲ್ಲ ಗುರುಗಳೇ, ಎಲ್ಲ ಕೆಂಪಗೆ ಉರಿಯುತ್ತಿದೆ.”

ಪಂಡಿತರು ಮಾತಾಡಲಿಲ್ಲ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಕೆಂಪಿನಲ್ಲಿದ್ದ ಒಂದು ಸಾಲನ್ನು ತೋರಿಸಿ, “ಇಲ್ಲಿ ಏನಿದೆ, ಓದುತ್ತೀರಾ ಗುರುಗಳೇ?” ಎಂದು ಕೇಳಿದಳು. ಸಾವಿರಾರು ಮಕ್ಕಳನ್ನು ಪರೀಕ್ಷಿಸಿದ ಪಂಡಿತರು ಪಾಠ ಓದದೆ ಬಂದ ಹುಡುಗನಂತೆ ಕುಳಿತರು. ಸಂಡೂರಿನ ಪಾಠವಿದ್ದೆಡೆಯಲ್ಲೆಲ್ಲ ಅವರಿಗೆ ಕಂಡದ್ದು ಕಪ್ಪಿನ ಮೇಲೊಂದು ಮಸುಕು. ಅದನ್ನವರು ಲೋಪವೆಂದು ಎಣಿಸಿದ್ದರು. ಅನುಮಾನ ಬರದೆ ಇರಲಿಲ್ಲ. ದೂರವಾಣಿಯಲ್ಲಿ ಒಂದು ಮಾತು ಕೇಳಬಹುದಿತ್ತು, ಕೇಳಿರಲಿಲ್ಲ.

ಬಾಲ್ಯದಲ್ಲಿ ಹೊಲಕ್ಕೆ ಹೋಗಿ ಹಣ್ಣುಮೆಣಸಿನಕಾಯಿ ಬಿಡಿಸಿಕೊಂಡು ಬಾ ಎಂದರೆ ಹಸಿಯವನ್ನು ಕಿತ್ತು ತಂದು ಪೆಟ್ಟು ತಿಂದದ್ದನ್ನು ಅವರು ಅಂದು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದರು. ಕಣ್ಣಿನೊಳಗೆ ಬಣ್ಣ ಗ್ರಹಿಸುವ ಕೋಶಗಳು ಮೂರು ಬಗೆ. ಅವುಗಳಲ್ಲಿ ಕೆಂಪಿನತ್ತಣ ಬೆಳಕನ್ನು ಹಿಡಿಯುವ ಬಗೆ ಹುಟ್ಟಿನಿಂದಲೇ ಇಲ್ಲದಿದ್ದರೆ ಕೆಂಪು ಕಪ್ಪಿನ ಸಮೀಪಕ್ಕೆ ಜಾರುತ್ತದೆ, ಹಸಿರು ಹಳದಿಯೊಡನೆ ಬೆರೆಯುತ್ತದೆ. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಇದು ಬಹಳ ಹೆಚ್ಚು. ಇಂಗ್ಲೆಂಡಿನ ವಿಜ್ಞಾನಿ ಜಾನ್ ಡಾಲ್ಟನ್ ತನ್ನ ಕಣ್ಣಿನ ಇಂತಹ ಕೊರತೆಯನ್ನು 1794ರಲ್ಲಿಯೇ ವಿದ್ವತ್ಸಭೆಯ ಮುಂದೆ ವಿವರಿಸಿದ್ದ. ಪಂಡಿತರು ಅದನ್ನು ಹೆಂಡತಿಗೂ ಹೇಳದೆ, ಕೆಂಪು ಲೇಖನಿಗೆ ದಾರ ಕಟ್ಟಿ ಗುರುತಿಟ್ಟುಕೊಂಡು, ಉತ್ತರಪತ್ರಿಕೆಗಳನ್ನು ತಿದ್ದುತ್ತ ಬಂದಿದ್ದರು.

ಆ ತಿದ್ದುಪಡಿಗಳ ನೆನಪು ವಿದ್ಯಾರ್ಥಿನಿಗೆ ಚೆನ್ನಾಗಿತ್ತು. ಬಿಟ್ಟ ಅಕ್ಷರಕ್ಕೆ ಹಂಸಪಾದ, ತಪ್ಪಿಗೆ ಸುತ್ತುಗೆರೆ, ಮೆಚ್ಚಿದ ಮಾತಿಗೆ ಅಡಿಗೆರೆ. ಮಸಿ ಯಾವುದಾದರೂ ಮಕ್ಕಳಿಗೆ ತಿಳಿಯುತ್ತಿತ್ತು. “ಅದನ್ನೇ ಪರದೆಗೆ ತರುತ್ತೇನೆ ಗುರುಗಳೇ” ಎಂದಳು. ಕಂಪ್ಲಿಯ ಪಾಠಕ್ಕೆ ಅಡಿಗೆರೆ, ಸಂಡೂರಿನದಕ್ಕೆ ಅದಲುಬದಲು. ಒಂದೊಂದರ ಹಿಂದೆಯೂ ‘ಕಂ’, ‘ಸಂ’ ಎಂಬ ಸಂಕ್ಷೇಪಗಳು. ಗಿಟ್ ಎಂಬ ಪ್ರಸಿದ್ಧ ತಂತ್ರಾಂಶದಲ್ಲಿಯೂ ಅಳಿದ ಸಾಲು ಕೆಂಪು, ಸೇರಿದ ಸಾಲು ಹಸಿರು. ಆದರೆ ಸಾಲಿನ ಮೊದಲಿಗೆ ಕಳೆಯುವ, ಕೂಡುವ ಚಿಹ್ನೆಗಳೂ ಇರುತ್ತವೆ. ಬಣ್ಣ ಹೋದರೂ ಅರ್ಥ ಹೋಗದು. ಆ ಎಚ್ಚರ ತನಗೆ ತಪ್ಪಿತೆಂದು ಅವಳು ನೊಂದುಕೊಂಡಳು. ಬಣ್ಣ ಬೇಡವೆನ್ನುವವರು ‘ನೋ ಕಲರ್’ ಎಂಬ ಸೂಚನೆಯನ್ನು ಒಮ್ಮೆ ಯಂತ್ರಕ್ಕೆ ಕೊಟ್ಟಿಟ್ಟರೆ ಎಲ್ಲ ಕ್ರಮವಿಧಿಗಳೂ ಅದನ್ನು ಮನ್ನಿಸಬೇಕೆಂಬ ಒಡಂಬಡಿಕೆ 2017ರಿಂದ ಬಳಕೆಗೆ ಬಂದಿದೆ, ಅದನ್ನೂ ಸೇರಿಸಿದಳು. ಬರಹ ಪರದೆಗೆ ಹೋಗದೆ ಕಡತಕ್ಕೆ ಹೋಗುವಾಗ ಬಣ್ಣದ ಅಪ್ಪಣೆಗಳನ್ನು ತಾನಾಗಿ ಕೈಬಿಡುವಂತೆಯೂ ಮಾಡಿದಳು. ಇಲ್ಲದಿದ್ದರೆ ಅಚ್ಚಿಗೆ ಹೋದ ಪದ್ಯದ ನಡುವೆ ಚೌಕ ಕಂಸವೂ 31 ಎಂಬ ಸಂಖ್ಯೆಯೂ ಕಸದಂತೆ ಕುಳಿತಿರುತ್ತವೆ.

ಅದಲುಬದಲಾದ ಪದಗಳನ್ನು ಕಂಡು ಪಂಡಿತರಿಗೆ ಹಂಪಿಯ ಶಾಸನಗಳ ಪಡಿಯಚ್ಚು ನೆನಪಾಯಿತು. ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಕುಂಚದಿಂದ ಬಡಿದು ಮಸಿ ಒತ್ತಿದರೆ ನೆಲ ಕಪ್ಪಾಗಿ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಅದನ್ನೇ ಓದಿ ಪುಸ್ತಕದಲ್ಲಿ ಮುದ್ರಿಸಿದರೆ ಅಕ್ಷರ ಕಪ್ಪು, ನೆಲ ಬಿಳಿ. ಕೃಷ್ಣದೇವರಾಯನ ಮಾತು ಎರಡರಲ್ಲಿಯೂ ಒಂದೇ.

ಮೊದಲ ಸಂಧಿಯಿಂದ ಕೆಲಸ ಮತ್ತೆ ತೊಡಗಿತು. ಲೋಪವೆಂದು ಬರೆದಿದ್ದ ಸ್ಥಳಗಳಲ್ಲೆಲ್ಲ ಸಂಡೂರಿನ ಪ್ರತಿ ತುಂಬಿಕೊಂಡಿತ್ತು. ಕಂಪ್ಲಿಯ ಓಲೆಯನ್ನು ಹುಳು ತಿಂದಿದ್ದ ಕಡೆ ಅದೊಂದೇ ದಿಕ್ಕಾಯಿತು. ಪಂಡಿತರು ಮುನ್ನುಡಿಯ ಆ ಪುಟವನ್ನು ಮುದ್ರಣಾಲಯದಿಂದ ಹಿಂದಕ್ಕೆ ತರಿಸಿದರು. ಮರುದಿನ ಹೊಸಪೇಟೆಯಿಂದ ಸಂಡೂರಿನ ಬಸ್ಸು ಹಿಡಿದು ಹೋಗಿ, ಪ್ರತಿ ಕೊಟ್ಟಿದ್ದ ಮನೆಯ ಹಿರಿಯರ ಮುಂದೆ ಮೆಣಸಿನಕಾಯಿಯಿಂದ ಮೊದಲುಗೊಂಡು ಎಲ್ಲವನ್ನೂ ಹೇಳಿದರು.

ಕರಡಚ್ಚು ಬಂದಾಗ ‘ಭಕುತಿ’ ಮೂಲದಲ್ಲಿಯೂ ‘ಭಕ್ತಿ’ ಅಡಿಟಿಪ್ಪಣಿಯಲ್ಲಿಯೂ ಇದ್ದವು. ಅದನ್ನು ಪಂಡಿತರು ಈ ಸಲ ಕರಿಯ ಮಸಿಯಲ್ಲಿಯೇ ತಿದ್ದಿದರು. ದಾರ ಕಟ್ಟಿದ ಲೇಖನಿ ಮೊಮ್ಮಗಳ ಪಾಲಾಯಿತು.