ಬದುವಿನ ಬಳಗ

ಎಳ್ಳಮವಾಸ್ಯೆಗೆ ಇನ್ನೊಂದು ದಿನ ಇತ್ತು. ನಸುಕಿನಲ್ಲಿ ಇಂಡಿಯ ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಕಾಕಾ ತಲೆಗೆ ಮಫ್ಲರ್ ಸುತ್ತಿಕೊಂಡು ಬೈಕಿಗೆ ಒರಗಿ ನಿಂತಿದ್ದ.

“ಚಾ ಕುಡದ ಹೋಗೂಣೇನು?”

“ಬ್ಯಾಡ ಕಾಕಾ. ಬೆಳಕ ಹರದರ ಕೌಜಗ ಗಿಡಾ ಇಳದ ಹೋಗ್ತಾವ.”

“ಕೌಜಗ ನೋಡ್ಲಾಕ ರಾತ್ರಿ ಎಲ್ಲಾ ಬಸ್ಸಿನ್ಯಾಗ ಕುಂತ ಬಂದಿ?” ಅಂದ. ಮತ್ತೇನೂ ಕೇಳದೆ ಬೈಕ್ ಚಾಲೂ ಮಾಡಿದ.

ಅದಕ್ಕೇ ಬಂದಿದ್ದೆ. ಪುಸ್ತಕಗಳಲ್ಲಿ ಹಿಮಾಲಯದ ಮೋನಾಲ್, ಟ್ರಾಗೋಪಾನ್‌ಗಳ ಚಿತ್ರ ನೋಡಿದವರಿಗೆ ಫೆಸೆಂಟ್ ಎಂದರೆ ಹಿಮದ ನಾಡಿನ ಹಕ್ಕಿ. ಕನ್ನಡದಲ್ಲಿ ಅದಕ್ಕೆ ಬಳಕೆಯ ಹೆಸರೂ ಇಲ್ಲ. ಫೆಸೆಂಟ್ ಎನ್ನುವ ಹೆಸರು ಹುಟ್ಟಿದ್ದು ಒಂದು ಹೊಳೆಯಿಂದ. ಇಂದಿನ ಜಾರ್ಜಿಯಾ ದೇಶದಲ್ಲಿ ಹರಿದು ಕಪ್ಪು ಸಮುದ್ರ ಸೇರುವ ರಿಯೋನಿ ನದಿಯನ್ನು ಗ್ರೀಕರು ಫಾಸಿಸ್ ಎನ್ನುತ್ತಿದ್ದರು. ಅದರ ದಂಡೆಯ ಹಕ್ಕಿಗೆ ಹೊಳೆಯ ಹೆಸರೇ ಅಂಟಿಕೊಂಡಿತು. ಮುಂದೆ ವಿಜ್ಞಾನಿಗಳು ಇಡೀ ಕುಟುಂಬವನ್ನು ಫಾಸಿಯಾನಿಡೆ ಎಂದು ಕರೆದರು. ಆ ಕುಟುಂಬದ ಪಟ್ಟಿ ಬಿಚ್ಚಿದರೆ ಗುರುತಿನವರೇ ಕಾಣುತ್ತಾರೆ: ನವಿಲು, ಕೌಜಗ, ಲಾವಗಿ, ಕಡೆಗೆ ನಮ್ಮ ಹಿತ್ತಲ ಕೋಳಿ. ಭೀಮೆಗೂ ಕೃಷ್ಣೆಗೂ ನಡುವಿನ ನಮ್ಮ ಎರಿ ನೆಲದಲ್ಲಿ ಮೋನಾಲ್ ಇಲ್ಲದಿರಬಹುದು, ಅದರ ಬಳಗ ಇದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸುತ್ತಿ ಆ ಬಳಗವನ್ನು ಕಣ್ಣಾರೆ ನೋಡಬೇಕೆಂದು ನಾಲ್ಕು ದಿನ ಬಿಡುವು ಮಾಡಿಕೊಂಡಿದ್ದೆ.

ಊರು ದಾಟಿದರೆ ಲಿಂಬಿ ತೋಟಗಳು. ಇಂಡಿ ಲಿಂಬಿಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ತೋಟ ಮುಗಿದಲ್ಲಿ ಮಡ್ಡಿ ಏರುತ್ತದೆ: ಕಲ್ಲು, ಕುರುಚಲು ಹುಲ್ಲು, ಅಲ್ಲಲ್ಲಿ ಜಾಲಿ. ಕಾಕಾ ಬೈಕ್ ನಿಲ್ಲಿಸಿ ಒಂದು ಜಾಲಿ ಗಿಡದ ಕಡೆ ಬೆರಳು ಮಾಡಿದ. ಆಳೆತ್ತರಕ್ಕಿಂತ ತುಸು ಮೇಲೆ, ಮುಳ್ಳಿನ ನಡುವೆ, ಬೂದುಬಣ್ಣದ ಉಂಡೆಗಳು. ಎಣಿಸಿದೆ. ಆರು.

ದಿನವೆಲ್ಲ ನೆಲದ ಮೇಲೆ ಓಡಾಡುವ ಈ ಹಕ್ಕಿ ರಾತ್ರಿ ಮಾತ್ರ ಮುಳ್ಳುಗಿಡ ಹತ್ತುತ್ತದೆ. ನರಿ, ಕಾಡುಬೆಕ್ಕು ಹತ್ತಿ ಬರದಂತೆ ಮುಳ್ಳೇ ಕಾವಲು. ಬೆಳಕು ಮೂಡುವ ಹೊತ್ತಿಗೆ ಒಂದು ಉಂಡೆ ಕತ್ತು ಚಾಚಿತು. ಮೊದಲು ಒಂದೆರಡು ಸಣ್ಣ ಸ್ವರ, ಮದ್ದಳೆಗೆ ಶ್ರುತಿ ಹಿಡಿದು ನೋಡಿದ ಹಾಗೆ. ಆಮೇಲೆ ಒಮ್ಮೆಲೇ “ಕತೀತರ್, ಕತೀತರ್, ಕತೀತರ್” ಎಂದು ಮಡ್ಡಿಯೆಲ್ಲ ಗಣಗಣ ಅನ್ನುವಂತೆ ಕೂಗಿತು. ಪಕ್ಕದ ಉಂಡೆ ಬೇರೆ ಸ್ವರದಲ್ಲಿ ದನಿಗೂಡಿಸಿತು. ಹಳ್ಳದ ಆಚೆಯಿಂದ ಇನ್ನೊಂದು ಜೋಡಿ ಉತ್ತರ ಕೊಟ್ಟಿತು. ಹಿಂದಿಯವರು ಈ ಕೂಗಿನಿಂದಲೇ ಇದನ್ನು ತೀತರ್ ಎಂದರು. ನಮ್ಮ ಪುಸ್ತಕಗಳಲ್ಲಿ ಗೌಜಲಹಕ್ಕಿ. ಶಾಸ್ತ್ರದ ಹೆಸರಿನಲ್ಲಿ ಪುದುಚೇರಿ ಇದೆ, ಏಕೆಂದರೆ 1789ರಲ್ಲಿ ನಿಸರ್ಗಶಾಸ್ತ್ರಜ್ಞ ಗ್ಮೆಲಿನ್ ಹೆಸರಿಟ್ಟದ್ದು ಅಲ್ಲಿನ ಹಕ್ಕಿಗೆ.

ಒಂದೊಂದಾಗಿ ಧುಮುಕಿದವು. ಕೊನೆಯದು ನಮ್ಮಿಂದ ಹತ್ತು ಮಾರು ದೂರದಲ್ಲಿ, ಬದುವಿನ ಮೇಲೆ ನಿಂತಿತು. ಮೈತುಂಬ ಕಂದು ಮತ್ತು ಬೂದಿಯ ಸಣ್ಣ ಸಣ್ಣ ಅಡ್ಡಗೆರೆ, ಕಂಬಳಿ ನೇಯ್ದ ಹಾಗೆ. ಗಂಟಲು ಮಾತ್ರ ತಿಳಿಗೋಧಿ ಬಣ್ಣ, ಅದರ ಅಂಚಿಗೆ ಕರಿದಾರ ಕಟ್ಟಿದಂತೆ ತೆಳು ಗೆರೆ. ಕಾಲ ಹಿಂದೆ ಚೂಪಾದ ಮುಳ್ಳು ಎದ್ದಿತ್ತು, ಹುಂಜನಿಗಿರುವಂಥದೇ. ನನ್ನ ಕಾಲ ಕೆಳಗೆ ಒಂದು ಹರಳು ಸರಿದದ್ದೇ ತಡ, ಹಾರಲಿಲ್ಲ, ಓಡಿತು. ಈ ಬಳಗದ ರೆಕ್ಕೆಗಳು ಗಿಡ್ಡ, ದುಂಡು. ಎದೆಯ ಸ್ನಾಯು ಒಂದೇ ಉಸಿರಿಗೆ ಪಟಾಕಿಯಂತೆ ಸಿಡಿದು ಮೇಲೇಳಿಸುತ್ತದೆ, ಆದರೆ ಬೇಗ ಸೋಲುತ್ತದೆ. ಅದಕ್ಕೇ ಹಾರುವುದನ್ನು ಕೊನೆಯ ಉಪಾಯವಾಗಿ ಇಟ್ಟುಕೊಂಡು ಬದುವಿನ ಹುಲ್ಲಿನ ಮರೆಯಲ್ಲಿ ಓಡುತ್ತವೆ. ಬದು ಇದ್ದರೆ ಅವುಗಳಿಗೆ ದಾರಿ, ಮನೆ, ಬಾಣಂತಿಕೋಣೆ ಎಲ್ಲ ಇದ್ದಂತೆ. ಹುಲ್ಲಿನ ಬುಡದಲ್ಲಿ ಒಂದು ಸಣ್ಣ ಕುಳಿ ಮಾಡಿ ಆರೋ ಎಂಟೋ ಮೊಟ್ಟೆ ಇಡುತ್ತವೆ. ಮರಿಗಳು ಮೊಟ್ಟೆ ಒಡೆದ ದಿನವೇ ತಾಯಿಯ ಹಿಂದೆ ನಡೆಯುತ್ತವೆ. ಗೂಡಿನಲ್ಲಿ ಬಾಯಿ ತೆರೆದು ಕೂಡುವ ಗುಬ್ಬಿಮರಿಯ ಹಾಗಲ್ಲ. ಮೊದಲ ವಾರಗಳಲ್ಲಿ ಗೆದ್ದಲು, ಇರುವೆ, ಸಣ್ಣ ಹುಳ ತಾವೇ ಹೆಕ್ಕಿ ಬೆಳೆಯಬೇಕು. ಹುಳ ಇಲ್ಲದ ಹೊಲದಲ್ಲಿ ಕಾಳು ರಾಶಿ ಬಿದ್ದಿದ್ದರೂ ಮರಿ ಉಳಿಯುವುದಿಲ್ಲ.

ಮಧ್ಯಾಹ್ನ ಸಿಂದಗಿ ಕಡೆ ಹೊರಟೆವು. ಎರಡೂ ಬದಿಗೆ ಬಿಳಿಜೋಳ ತೆನೆ ಹಿಡಿದು ನಿಂತಿತ್ತು, ನಡುನಡುವೆ ಕಡಲೆ, ಕುಸುಬಿ. ಅತ್ತಿಯ ಮನೆಯಲ್ಲಿ ರಾತ್ರಿಯೆಲ್ಲ ಒಲೆ ಉರಿಯಿತು. ಬೆಳಿಗ್ಗೆ ಸಜ್ಜಿ ರೊಟ್ಟಿ, ಜೋಳದ ಕಡಬು, ಶೇಂಗಾ ಹೋಳಿಗೆ, ಬದನೆಯ ಎಣ್ಣಿಗಾಯಿ, ಪುಂಡಿ ಪಲ್ಯ, ಗುರೆಳ್ಳ ಹಿಂಡಿ, ಮೊಸರು ಬುಟ್ಟಿಗೆ ತುಂಬಿ ಹೊಲಕ್ಕೆ ನಡೆದೆವು. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಗೆ ಪೂಜೆ ಆಯಿತು. ಆಮೇಲೆ ಮಾವ ಒಂದು ಪರಾತದಲ್ಲಿ ಎಲ್ಲವನ್ನೂ ಚೂರು ಚೂರು ಕಲಸಿ ಕೈಗೆತ್ತಿಕೊಂಡು ಹೊಲದ ನಾಲ್ಕೂ ದಿಕ್ಕಿಗೆ ಚರಗ ಚೆಲ್ಲುತ್ತ ಹೋದರು. ಹಿಂದಿನಿಂದ ನಾನು ನೀರು ಚಿಮುಕಿಸುತ್ತ ನಡೆದೆ. ಊಟಕ್ಕೆ ಕೂಡುವ ಮೊದಲು ಹೊಲಕ್ಕೆ ಉಣಿಸುವ ಈ ಪದ್ಧತಿಯಷ್ಟು ನನಗೆ ಪ್ರಿಯವಾದ ಹಬ್ಬ ಬೇರೆ ಇಲ್ಲ.

“ಯಾರ ಉಣ್ತಾರ ಮಾವಾ ಇದನ್ನ?” ಎಂದು ಸಣ್ಣವನಿದ್ದಾಗ ಕೇಳಿದ್ದೆ. “ಭೂಮಿತಾಯಿ” ಎಂದಿದ್ದರು. ಈ ಸಲ ಉಂಡು ಎದ್ದ ಮೇಲೆ ಜೋಳದ ಸಾಲಿನ ಅಂಚಿಗೆ ಹೋಗಿ ಮಲಗಿದೆ. ಅರ್ಧ ತಾಸಿನ ಮೇಲೆ ಸಾಲಿನಿಂದ ಒಂದು ಲಾವಗಿ ಹೊರಗೆ ಬಂತು. ಮುಷ್ಟಿಯಷ್ಟು ಹಕ್ಕಿ. ಕಡಬಿನ ಚೂರನ್ನು ಒಮ್ಮೆ ಕುಕ್ಕಿತು, ಬಿಟ್ಟಿತು. ಅದರ ಮೇಲೆ ಹತ್ತಿದ್ದ ಇರುವೆಗಳನ್ನು ಒಂದೊಂದಾಗಿ ಆರಿಸಿ ತಿಂದಿತು.

ಲಾವಗಿ ಎಂದು ನಾವು ಒಂದೇ ಹೆಸರಿನಲ್ಲಿ ಕರೆಯುವುದು ಹಲವು ಹಕ್ಕಿಗಳನ್ನು. ಚಳಿಗಾಲಕ್ಕೆ ಉತ್ತರದಿಂದ ರಾತ್ರಿ ಹಾರಿ ಬಂದು ಜೋಳದಲ್ಲಿ ಇಳಿಯುವುದು ಒಂದು. ಮಳೆ ಬಿದ್ದೊಡನೆ ಕೂಗುವ, ಗಂಡಿನ ಎದೆಯಲ್ಲಿ ಕಪ್ಪು ಮಚ್ಚೆ ಇರುವುದು ಇನ್ನೊಂದು. ಮಡ್ಡಿಯ ಕಲ್ಲಿನಲ್ಲಿ ಹಿಂಡಾಗಿ ಬದುಕುವುದು ಮೂರನೆಯದು. ನಾಲ್ಕನೆಯದೊಂದು ನೋಡಲು ಹಾಗೇ ಇದ್ದರೂ ಈ ಬಳಗಕ್ಕೆ ಸೇರಿದ್ದಲ್ಲ. ಅದಕ್ಕೆ ಹಿಂಬೆರಳೇ ಇಲ್ಲ, ಕಾಲಿಗೆ ಮೂರೇ ಬೆರಳು. ಅದರಲ್ಲಿ ಹೆಣ್ಣಿಗೇ ಬಣ್ಣ ಹೆಚ್ಚು, ಕಾವು ಕೂಡುವವನು ಗಂಡು.

ಮಡ್ಡಿಯ ಲಾವಗಿಯನ್ನು ವಿಜ್ಞಾನಕ್ಕೆ ಪರಿಚಯಿಸಿದವನು ಕರ್ನಲ್ ವಿಲಿಯಂ ಹೆನ್ರಿ ಸೈಕ್ಸ್. ಮುಂಬಯಿ ಸರಕಾರಕ್ಕಾಗಿ ದಖ್ಖನಿನ ಅಂಕಿಸಂಖ್ಯೆ ಕಲೆಹಾಕುತ್ತ ತಿರುಗಿದವನು. 1832ರಲ್ಲಿ ದಖ್ಖನಿನ ಹಕ್ಕಿಗಳ ಪಟ್ಟಿ ಪ್ರಕಟಿಸಿದ. ಕಂದಾಯ, ಜನಸಂಖ್ಯೆ ಎಣಿಸಲು ಬಂದವನು ಬದುವಿನ ಹಕ್ಕಿಯ ಕಡೆಗೂ ಕಣ್ಣು ಹಾಯಿಸಿದ್ದು ನಮ್ಮ ಭಾಗ್ಯ.

ಈ ಹಕ್ಕಿಗಳನ್ನು ಸೈಕ್ಸನಿಗಿಂತ ಬಹಳ ಮೊದಲೇ, ಅವನಿಗಿಂತ ಹತ್ತಿರದಿಂದ ಬಲ್ಲವರು ಹರಣಶಿಕಾರಿಗಳು. ಮಾವನ ಹೊಲದ ಪಕ್ಕದಲ್ಲಿ ಕಾವಲಿಗಿದ್ದ ಅಜ್ಜ ಆ ಮನೆತನದವರು. ಹಬ್ಬದ ಊಟಕ್ಕೆ ನಮ್ಮೊಡನೆಯೇ ಕುಳಿತಿದ್ದರು. ನನ್ನ ಕುತೂಹಲ ನೋಡಿ ಮಡ್ಡಿಯ ಕಡೆ ಕರೆದುಕೊಂಡು ಹೋದರು. ಒಂದು ಪೊದೆಯ ಬುಡದಲ್ಲಿ ಬಗ್ಗಿ, ಹುಲ್ಲು ಸರಿಸಿ ತೋರಿಸಿದರು: ಮಡ್ಡಿಯ ಲಾವಗಿಯ ಹಿಕ್ಕೆಗಳು ಒಂದು ಊಟದ ತಾಟಿನಗಲ ದುಂಡಗೆ ಬಿದ್ದಿದ್ದವು.

“ರಾತ್ರಿ ಇಲ್ಲಿ ಮಲಗ್ಯಾವ ನೋಡ್ರಿ. ಎಲ್ಲಾರ ಬೆನ್ನ ಒಳಗ, ಮಾರಿ ಹೊರಗ. ಯಾವ ದಿಕ್ಕಿನಿಂದ ಬೆಕ್ಕ ಬಂದ್ರೂ ಒಬ್ಬಾಂವ ನೋಡ್ತಾನ. ಸುಳುವು ಸಿಕ್ರ ಎಲ್ಲಾ ಒಮ್ಮೆ ಸಿಡೀತಾವ, ದಿಕ್ಕಿಗೊಂದ. ಬೆಕ್ಕಿಗಿ ಯಾವುದನ್ನ ಹಿಡೀಬೇಕನ್ನೂದ ತಿಳಿಯಂಗಿಲ್ಲ.”

ಎಳೆಯ ವಯಸ್ಸಿನಲ್ಲಿ ಅಪ್ಪನ ಜೊತೆ ಸಾಕಿದ ಕೌಜಗವನ್ನು ಪಂಜರದಲ್ಲಿಟ್ಟು, ಸುತ್ತ ಕುದುರೆ ಬಾಲದ ಕೂದಲಿನ ಉರುಲು ಒಡ್ಡುತ್ತಿದ್ದರಂತೆ. ಪಂಜರದ ಹಕ್ಕಿ ಕೂಗಿದರೆ ತನ್ನ ಸೀಮೆಗೆ ಬಂದ ಪರಕೀಯನೆಂದು ಕಾಡಿನ ಗಂಡು ಕಾದಾಡಲು ಓಡಿ ಬಂದು ಸಿಕ್ಕಿಬೀಳುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದು ಅಪರಾಧ. “ಉರುಲು ಬಿಟ್ಟು ಭಾಳ ವರ್ಷ ಆತ್ರಿ, ಒದರೂದು ಮರತಿಲ್ಲ” ಎಂದು ಎರಡೂ ಕೈ ಬಾಯಿಗೆ ಬೊಗಸೆ ಮಾಡಿದರು. ಆ ಕೂಗಿಗೆ ಬದುವಿನ ಆಚೆಯಿಂದ ತಕ್ಷಣ ಉತ್ತರ ಬಂತು. ಅಜ್ಜ ಕೈ ಇಳಿಸಿ, ಅದು ಕೂಗಿ ಮುಗಿಸುವ ತನಕ ಕಣ್ಣು ಮುಚ್ಚಿ ನಿಂತರು. ಈ ತಿಳಿವಳಿಕೆಯನ್ನು ಅವರಿಂದ ಯಾರೂ ಬರೆದುಕೊಂಡಿಲ್ಲ ಎನ್ನುವುದು ನನ್ನನ್ನು ಇನ್ನೂ ಕಾಡುತ್ತಿದೆ.

ಮರುದಿನ ತಾಳಿಕೋಟೆಯಲ್ಲಿ ಡೋಣಿ ಹೊಳೆ ದಾಟಿದೆವು. ಡೋಣಿ ಬೆಳೆದರೆ ಓಣೆಲ್ಲ ಜೋಳ ಎನ್ನುವ ಮಾತು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಉಪ್ಪು ನೀರಿನ ಹೊಳೆಯ ದಂಡೆಗೆ ನಿಂತು ರೊಟ್ಟಿ ತಿಂದು ಮುದ್ದೇಬಿಹಾಳದ ಕಡೆ ಸಾಗಿದೆವು.

ಅಲ್ಲಿಂದ ಮುಂದೆ ನೆಲದ ಬಣ್ಣವೇ ಬದಲಾಯಿತು. ಆಲಮಟ್ಟಿ ಎಡದಂಡೆ ಕಾಲುವೆ, ಚಿಮ್ಮಲಗಿ ಏತ ನೀರಾವರಿಗಳ ಸೀಮೆ ಇದು. ಕಬ್ಬು ತಲೆ ಮೀರಿ ನಿಂತಿತ್ತು. ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಮೈಲುಗಟ್ಟಲೆ ನಡೆದ ತಾಯಂದಿರ ಮಕ್ಕಳು ನಾವು. ಕಾಲುವೆಯಲ್ಲಿ ನೀರು ಓಡುವುದನ್ನು ನೋಡಿದರೆ ಎದೆ ತಣ್ಣಗಾಗುತ್ತದೆ. ಆದರೆ ನೀರು ಬಂದಲ್ಲಿ ಅಂಗುಲ ನೆಲಕ್ಕೂ ಬೆಲೆ ಬರುತ್ತದೆ. ಮಾರಗಲ ಇದ್ದ ಬದುಗಳು ಗೇಣಿಗೆ ಇಳಿದಿದ್ದವು. ಜೆಸಿಬಿ ಹೊಡೆದು ಕಿತ್ತ ಜಾಲಿ ಬೊಡ್ಡೆಗಳು ರಸ್ತೆ ಬದಿಗೆ ಬಿದ್ದಿದ್ದವು. ಎರಡು ತಾಸು ಕಾಲುವೆ ದಂಡೆ ಹಿಡಿದು ನಡೆದರೂ ಒಂದು ಕೌಜಗದ ದನಿ ಕೇಳಲಿಲ್ಲ.

ಕೇಳಿದ್ದು ನವಿಲಿನ ಕೇಕೆ. ಕಬ್ಬಿನ ಪಕ್ಕದ ಬೇವಿನ ಗಿಡದಿಂದ ಒಂದು, ಆಮೇಲೆ ನಾಲ್ಕೂ ಕಡೆಯಿಂದ. ನೀರು, ನೆರಳು, ಕಾಳು ಮೂರೂ ಒಂದೆಡೆ ಸಿಕ್ಕರೆ ನವಿಲಿಗೆ ಇನ್ನೇನು ಬೇಕು? ರಾಜಸ್ಥಾನದ ಮರಳುಗಾಡಿಗೂ ಅದು ಕಾಲುವೆಗಳ ಬೆನ್ನು ಹಿಡಿದೇ ಹೋಗಿದೆ. ದೇಶದ ಹಕ್ಕಿಗಳ ಸ್ಥಿತಿಗತಿ ಕುರಿತ 2023ರ ವರದಿ ನವಿಲು ಹೆಚ್ಚುತ್ತಿದೆ, ಬಯಲು ನೆಲದ ಹಕ್ಕಿಗಳು ಕಡಿಮೆಯಾಗುತ್ತಿವೆ ಎನ್ನುತ್ತದೆ. ಇಂಡಿಯಿಂದ ಮುದ್ದೇಬಿಹಾಳಕ್ಕೆ ಬೈಕಿನಲ್ಲಿ ಬಂದರೆ ಆ ಮಾತು ಕಿವಿಗೇ ಕೇಳುತ್ತದೆ.

ಶೇಂಗಾ ಹೊಲದಲ್ಲಿ ನೀರು ಬಿಡುತ್ತಿದ್ದ ಅಕ್ಕ ಮಾತಿಗೆ ಸಿಕ್ಕರು. “ನೋಡಾಕ ಛಂದ ಅದಾವ್ರೀ ಅಣ್ಣಾರ. ಬಿತ್ತಿದ ಮರುದಿನ ಸಾಲ ಹಿಡದ ಕೆದರತಾವ. ಸುಬ್ರಾಯನ ವಾಹನ ಅಂತ ಕಲ್ಲ ಒಗ್ಯಾಕೂ ಮನಸ ಬರಂಗಿಲ್ಲ.” 1963ರಲ್ಲಿ ರಾಷ್ಟ್ರಪಕ್ಷಿಯಾದ ನವಿಲಿಗೆ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯ ರಕ್ಷಣೆ ಇದೆ. ರಕ್ಷಣೆಗಿಂತ ದೊಡ್ಡದು ಆ ಅಕ್ಕನ ಮನಸ್ಸು. ಆದರೂ ಔಷಧ ಸವರಿದ ಬೀಜ ತಿಂದು ನವಿಲು ಸಾಯುವುದುಂಟು. ಅಂಥ ಬೀಜವನ್ನು ಮಣ್ಣಿನ ಮೇಲೆ ಉಳಿಸದೆ ಮುಚ್ಚಬೇಕು ಎಂದೆ. ಅಕ್ಕ ತಲೆಯಾಡಿಸಿ, ಬದುವಿನ ಮೇಲೆ ಸಿಕ್ಕಿಸಿಟ್ಟಿದ್ದ ಒಂದು ಗರಿ ತಂದು ಕೊಟ್ಟರು.

ಆ ಗರಿಯನ್ನು ಆಲಮಟ್ಟಿಯ ದಂಡೆಯಲ್ಲಿ ಸಂಜೆ ಬಿಸಿಲಿಗೆ ಹಿಡಿದು ನೋಡಿದೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟ ಅಣೆಕಟ್ಟಿನ ಹಿಂದೆ ಕೃಷ್ಣೆ ಸಮುದ್ರದಂತೆ ನಿಂತಿದ್ದಳು. ಬೆಳಕು ಗರಿಯ ಮೇಲೆ ಬಿದ್ದಾಗ ಕಣ್ಣಿನ ನಡುವೆ ಕಡುನೀಲಿ, ಸುತ್ತ ಹಸಿರು, ಕಂಚು. ಅದೇ ಗರಿಯನ್ನು ಸೂರ್ಯನಿಗೆ ಅಡ್ಡ ಹಿಡಿದರೆ ಬಣ್ಣವೆಲ್ಲ ಹೋಗಿ ಬರೀ ಕಂದು. ನವಿಲಿನ ನೀಲಿಗೆ ನೀಲಿ ಬಣ್ಣದ ವಸ್ತುವೇ ಇಲ್ಲ. ಎಳೆಯೊಳಗೆ ಕರಿಯ ವರ್ಣದ ಅತಿಸಣ್ಣ ಕಡ್ಡಿಗಳು ಸಾಲಾಗಿ ಜೋಡಿಸಿಕೊಂಡಿವೆ. ಅವುಗಳ ನಡುವಿನ ಅಂತರ ಬೆಳಕಿನಿಂದ ಒಂದೊಂದು ಬಣ್ಣ ಆರಿಸಿ ಹಿಂದಕ್ಕೆ ಕಳಿಸುತ್ತದೆ. ನಾವು ಬಾಲ ಎನ್ನುವುದೂ ಬಾಲವಲ್ಲ, ಬಾಲದ ಮೇಲ್ಹೊದಿಕೆ. ನಿಜವಾದ ಬಾಲ ಹಿಂದೆ ನಿಂತು ಆನಿಕೆ ಕೊಡುತ್ತದೆ. ಮಳೆಗಾಲ ಮುಗಿಯುತ್ತಿದ್ದಂತೆ ಗಂಡು ಈ ಗರಿಗಳನ್ನು ಉದುರಿಸಿ, ಚಳಿಗಾಲದಲ್ಲಿ ಹೊಸತು ಬೆಳೆಸುತ್ತದೆ. ನಾವು ಕಂಡ ಗಂಡುಗಳದೆಲ್ಲ ಗಿಡ್ಡ ಗರಿ. ಅಕ್ಕ ಕೊಟ್ಟದ್ದು ಉದುರಿದ್ದು.

ನಾಲ್ಕನೆಯ ದಿನ ಬಸವನ ಬಾಗೇವಾಡಿ ತಲುಪಿದಾಗ ಬಿಸಿಲು ಏರಿತ್ತು. ಬಸವೇಶ್ವರ ಗುಡಿಗೆ ಕೈಮುಗಿದು, ಹಿಂದಿನ ಓಣಿಯಲ್ಲಿ ಪರಿಚಯದವರ ಕಟ್ಟೆಯ ಮೇಲೆ ಕುಳಿತೆವು. ಅಂಗಳದಲ್ಲಿ ಒಂದು ಜವಾರಿ ಕೋಳಿ ಏಳು ಮರಿಗಳೊಡನೆ ತಿಪ್ಪೆ ಕೆದರುತ್ತಿತ್ತು. ಕಾಲು ಹಳದಿ. ಕೋಳಿಯ ಮೂಲ ಕೆಂಪು ಕಾಡುಕೋಳಿ. ಆದರೆ ಈ ಹಳದಿ ಕಾಲಿನ ಗುಣ ಮಾತ್ರ ಬೂದು ಕಾಡುಕೋಳಿಯಿಂದ ಬಂದದ್ದೆಂದು 2008ರಲ್ಲಿ ವಂಶವಾಹಿ ಪರೀಕ್ಷೆಯಿಂದ ಗೊತ್ತಾಯಿತು. ಬೂದು ಕಾಡುಕೋಳಿ ನಮ್ಮ ಸಹ್ಯಾದ್ರಿಯ ಕಾಡಿನದು. ಜಗತ್ತಿನ ಎಲ್ಲೇ ಹಳದಿ ಕಾಲಿನ ಕೋಳಿ ನಡೆದರೂ ಅದರ ಚರ್ಮದಲ್ಲಿ ದಕ್ಷಿಣ ಭಾರತದ ಕಾಡಿನ ಗುರುತು ಇದೆ.

ಅತ್ತಿ ಕಟ್ಟಿಕೊಟ್ಟ ಬುತ್ತಿಯನ್ನು ಕಾಕಾ ಬಿಚ್ಚಿದ. ಖಡಕ್ ರೊಟ್ಟಿ ಮುರಿದಾಗ ಒಂದು ಚೂರು ಕೆಳಗೆ ಬಿತ್ತು. ಕೋಳಿ ಓಡಿ ಬಂದು ಕೊಕ್ಕಿನಲ್ಲಿ ಎತ್ತಿತು, ನುಂಗಲಿಲ್ಲ. ಮತ್ತೆ ನೆಲಕ್ಕೆ ಹಾಕಿ, ಮತ್ತೆ ಎತ್ತಿ, ಗಂಟಲೊಳಗೇ “ಟುಕ್, ಟುಕ್, ಟುಕ್” ಎಂದು ಕರೆಯತೊಡಗಿತು. ತಿನಿಸು ಸಿಕ್ಕಾಗ ತಾಯಿಕೋಳಿ ಹೀಗೆ ಕರೆಯುವುದನ್ನು ಪಕ್ಷಿಶಾಸ್ತ್ರದವರು ತುಂಬ ಅಭ್ಯಾಸ ಮಾಡಿದ್ದಾರೆ. ಕೌಜಗವೂ ಮರಿಗಳಿಗೆ ಗೆದ್ದಲ ಹುತ್ತ ತೋರಿಸಿ ಬಳಿಗೆ ಕರೆಯುತ್ತದೆ. ಎಂಟುನೂರು ಚಿಲ್ಲರೆ ವರ್ಷದ ಹಿಂದೆ ಇದೇ ಊರಿನಲ್ಲಿ ಹುಟ್ಟಿದವರು ಬಳಗವನ್ನು ಕರೆದು ಉಣ್ಣುವ ಗುಣಕ್ಕೆ ತಮ್ಮ ವಚನವೊಂದರಲ್ಲಿ ಕಾಗೆಯ ಜೊತೆ ಕೋಳಿಯನ್ನೂ ತಂದು ನಿಲ್ಲಿಸಿದ್ದರು. ಅವರು ಕೋಳಿಯನ್ನು ಎಷ್ಟು ಹೊತ್ತು ನೋಡುತ್ತ ನಿಂತಿರಬೇಕು, ಯಾವ ಅಂಗಳದಲ್ಲಿ ನಿಂತಿರಬೇಕು ಎಂದು ಯೋಚಿಸುತ್ತಿದ್ದೆ.

ಮರಿಗಳು ಏಳೂ ಬಂದವು. ಒಂದು ಚೂರು ಸಾಲದಾಯಿತು. ಕಾಕಾ ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ಅಂಗೈಯಲ್ಲಿ ಪುಡಿ ಮಾಡಿ, ಹೊಲದಲ್ಲಿ ಮಾವ ಚೆಲ್ಲಿದ ಹಾಗೆ ಅಂಗಳಕ್ಕೆ ಚೆಲ್ಲಿದ.