18,000 ಕೊಟ್ಟು ಮಾಡೆಲ್ ಆಗಲು ಹೋದೆವು

ನಾವಿಬ್ಬರು ಒಂದೇ ಓಣಿಯವರು. ಪತ್ರಿಕೋದ್ಯಮ ತರಗತಿಯಲ್ಲಿ ಒಂದೇ ಬೆಂಚು. ಊರು ಇಳಕಲ್ ಹತ್ತಿರ, ಇಬ್ಬರ ಮನೆಯಲ್ಲೂ ಮಗ್ಗ ಇದೆ. ಒಬ್ಬಳು ಎತ್ತರ, ಇನ್ನೊಬ್ಬಳು ಫೋಟೊ ಚೆನ್ನಾಗಿ ತೆಗೆಯುತ್ತಾಳೆ. ಯಾರು ಯಾರು ಅಂತ ಬರೆಯುವುದಿಲ್ಲ. ಒಬ್ಬಳಿಗೆ ಗಂಡು ನೋಡುತ್ತಿದ್ದಾರೆ. ನಮ್ಮೂರಿನವರಿಗೆ ಗೊತ್ತೇ ಇದೆ, ಬೀಗರ ಊರಿನವರಿಗೆ ಬೇಡ.

ಡಿಗ್ರಿ ಮುಗಿದ ಮೇಲೆ ಕೆಲಸ ಸಿಗಲಿಲ್ಲ. ಇಳಕಲ್ ಸೀರೆ ಉಟ್ಟು ಒಂದಿಷ್ಟು ರೀಲ್ಸ್ ಮಾಡಿದೆವು. ಒಂದು ದಿನ ಬೆಂಗಳೂರಿನಿಂದ ಮೆಸೇಜ್ ಬಂತು. ಸೀರೆ ಜಾಹೀರಾತಿಗೆ ನಿಮ್ಮ ಮುಖ ಆಯ್ಕೆ ಆಗಿದೆ, ದಿನಕ್ಕೆ 25,000 ರೂಪಾಯಿ, ಆದರೆ ಮೊದಲು ನಮ್ಮಲ್ಲೇ ಪೋರ್ಟ್‌ಫೋಲಿಯೊ ಮಾಡಿಸಬೇಕು, ಅದಕ್ಕೆ 18,000. ಪೋರ್ಟ್‌ಫೋಲಿಯೊ ಅಂದರೆ ಮಾಡೆಲ್ ತನ್ನ ಒಳ್ಳೆಯ ಫೋಟೊಗಳನ್ನು ಜೋಡಿಸಿ ಇಟ್ಟುಕೊಳ್ಳುವ ಆಲ್ಬಮ್.

ಅವ್ವ ಮಗ್ಗದ ಗುಂಡಿಯಲ್ಲಿ ಕೂತಿದ್ದಳು. ಲಾಳಿ ನಿಲ್ಲಿಸಿ ಕೇಳಿದಳು: "ರೊಕ್ಕ ಇಸ್ಕೊಂಡು ಕೆಲಸಾ ಕೊಡ್ತಾರೇನ? ನಾವು ನೇಯ್ದ್ರ ಸಾವ್ಕಾರ ನಮಗ ರೊಕ್ಕ ಕೊಡ್ತಾನ."

"ಅವ್ವಾ, ಇದು ಬ್ಯಾರೆ ಲೈನ್, ನಿನಗ ತಿಳಿಯಾಂಗಿಲ್ಲ" ಅಂದೆವು. ಆಮೇಲೆ ಇಬ್ಬರೂ ಕೂಡಿ ಮಹಿಳಾ ಸಂಘಕ್ಕೆ ಹೋಗಿ, ಹೊಲಿಗೆ ಮಷೀನ್ ತಗೋತೀವಿ ಅಂತ ಅವ್ವನ ಹೆಸರಲ್ಲೇ ಸಾಲ ಎತ್ತಿಸಿದೆವು. ಈ ಸುಳ್ಳು ಹೇಳಿದ್ದಕ್ಕೆ ಈಗಲೂ ನಮಗೆ ನಾಚಿಕೆಯಾಗುತ್ತದೆ.

ಬೆಂಗಳೂರಿನ ಒಂದು ಗಲ್ಲಿಯಲ್ಲಿ ಮೂರನೇ ಮಹಡಿ. ಮೇಕಪ್ ಮುಗಿಯುವಷ್ಟರಲ್ಲಿ ಮುಖ ಒಂದು ಬಣ್ಣ, ಕೊರಳು ಒಂದು ಬಣ್ಣ. ಮೂರು ಡ್ರೆಸ್, ನಲವತ್ತು ಫೋಟೊ, ಒಂದು ಪೆನ್‌ಡ್ರೈವ್, ಎಲ್ಲ ಎರಡು ತಾಸಿನಲ್ಲಿ ಮುಗಿಯಿತು. ಹೊರಡುವಾಗ ಮೇಕಪ್ ಮಾಡಿದ ಅಕ್ಕ ಮೆಟ್ಟಿಲವರೆಗೆ ಬಂದಳು. ನಮ್ಮ ಮಾತು ಕೇಳಿ ನಮ್ಮ ಕಡೆಯವಳೇ ಅಂತ ತಿಳಿಯಿತು. "ಯಾಕವಾ ಇಷ್ಟು ರೊಕ್ಕ ಕೊಟ್ರಿ? ಖರೇ ಏಜೆನ್ಸಿಯವ್ರು ಮೊದ್ಲ ರೊಕ್ಕ ಕೇಳೂದಿಲ್ಲ. ನಿಮಗ ಕೆಲಸಾ ಕೊಡಿಸಿ, ಬಂದ ರೊಕ್ಕದಾಗ ತಮ್ಮ ಪಾಲು ಹಿಡಕೋತಾರ" ಅಂದಳು.

ಆದರೂ ನಾವು ಕಾದೆವು. ಮೆಸೇಜಿಗೆ ಉತ್ತರ ನಿಂತಿತು, ಆಮೇಲೆ ನಂಬರೇ ಸ್ವಿಚ್ ಆಫ್. ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದು ರೊಕ್ಕ ಹಾಕಿದ 19 ದಿನಕ್ಕೆ. ದೂರು ಬರೆದುಕೊಂಡರು. ಇಂಥದ್ದು ಆದ ಕೂಡಲೇ ಹೇಳಿದರೆ ಹಣ ತಡೆಹಿಡಿಯಲು ಆಗುತ್ತಿತ್ತು ಅಂದರು. ಯಾರು, ಏನು, ಎಲ್ಲಿ, ಯಾವಾಗ, ಯಾಕೆ ಅಂತ ಮೂರು ವರ್ಷ ಕಲಿತವರು ನಾವು. ಈ ಐದರಲ್ಲಿ ಒಂದನ್ನೂ ಅವರಿಗೆ ಕೇಳಿರಲಿಲ್ಲ. ಕಂಪನಿಯ ಹಳೆಯ ಜಾಹೀರಾತು ಒಂದಾದರೂ ತೋರಿಸಿ ಅನ್ನಲಿಲ್ಲ. ಆ ಸೀರೆ ಕಂಪನಿಗೇ ಫೋನ್ ಮಾಡಿ ವಿಚಾರಿಸಲಿಲ್ಲ.

ಆ ಅಕ್ಕ ಇನ್ನೊಂದು ಮಾತು ಹೇಳಿದ್ದಳು. ಹೊಸಬರಿಂದ ಏಜೆನ್ಸಿಯವರು ಮೊದಲು ನೋಡಲು ಬಯಸುವುದು ಸಾದಾ ಫೋಟೊ. ಅದಕ್ಕೆ ಅವರು ಡಿಜಿಟಲ್ಸ್ ಅಂತಾರೆ. ಮೇಕಪ್ ಇಲ್ಲ, ಫಿಲ್ಟರ್ ಇಲ್ಲ, ಮೈಗೆ ಹೊಂದುವ ಸಾದಾ ಬಟ್ಟೆ, ಹಿಂದೆ ಖಾಲಿ ಗೋಡೆ. ನೇರ ಮುಖ, ಎರಡೂ ಪಕ್ಕ, ತಲೆಯಿಂದ ಕಾಲಿನವರೆಗೆ ಒಂದು, ನಕ್ಕಿದ್ದು ಒಂದು, ನಗದೆ ಒಂದು. ಜೊತೆಗೆ ಎತ್ತರ, ಅಳತೆ, ವಯಸ್ಸು, ಊರು. ಇಷ್ಟೇ. ನಾವು ಹಿತ್ತಲಿನ ಸುಣ್ಣದ ಗೋಡೆಗೆ ನಿಂತು ಬೆಳಗಿನ ಎಂಟು ಗಂಟೆಯ ಬೆಳಕಿನಲ್ಲಿ ಮೊಬೈಲ್‌ನಲ್ಲೇ ತೆಗೆದೆವು. 18,000ದ ಆ ನಲವತ್ತಕ್ಕಿಂತ ಇವೇ ಚೆನ್ನಾಗಿದ್ದವು. ನಮ್ಮ ಗೆಳತಿ ಗುರುತು ಸಿಗುವ ಹಾಗೆ ಇದ್ದಳು.

ಈ ಸಲ ವಿಚಾರಿಸಿ ಎರಡು ಕಡೆ ಕಳಿಸಿದೆವು. ಒಬ್ಬರು ಉತ್ತರಿಸಲಿಲ್ಲ. ಇನ್ನೊಬ್ಬರು, ರ್‍ಯಾಂಪ್ ಮೇಲೆ ನಡೆಯಲು ಹೆಣ್ಣುಮಕ್ಕಳು 5 ಅಡಿ 7-8 ಇಂಚಾದರೂ ಇರಬೇಕು, ಕ್ಯಾಟಲಾಗ್ ಫೋಟೊಕ್ಕೆ ಅಷ್ಟು ಬೇಡ, ಅಲ್ಲಿ ಪ್ರಯತ್ನಿಸಿ ಅಂತ ಬರೆದರು. ಓಣಿಯೆಲ್ಲ ಉದ್ದನ್ನಾಕಿ ಅಂತ ಕರೆಯುವವಳು ಅಳೆದರೆ 5 ಅಡಿ 5 ಇಂಚು!

ಕ್ಯಾಟಲಾಗ್ ಅಂದರೆ ಅಂಗಡಿಯವರು ಗಿರಾಕಿಗೆ ತೋರಿಸುವ ಫೋಟೊ. ಅದು ನಮ್ಮ ಪಕ್ಕದಲ್ಲೇ ಇತ್ತು. ಇಳಕಲ್‌ನ ಒಬ್ಬ ಸೀರೆ ಸಾವ್ಕಾರರು ವಾಟ್ಸಾಪ್‌ನಲ್ಲಿ ಮಾರುತ್ತಿದ್ದರು, ಗೊಂಬೆಗೆ ಉಡಿಸಿ ಫೋಟೊ ಹಾಕುತ್ತಿದ್ದರು. ಒಂದು ಸೀರೆ ಉಚಿತವಾಗಿ ತೆಗೆದು ತೋರಿಸುತ್ತೇವೆ, ಹಿಡಿಸಿದರೆ ಕೆಲಸ ಕೊಡಿ ಅಂದೆವು. ಹಿಡಿಸಿತು. ಇಬ್ಬರಿಗೂ ಸೇರಿ ದಿನಕ್ಕೆ 3,000 ಅಂತ ಮಾತಾಯಿತು.

ಮೊದಲ ದಿನ 22 ಸೀರೆ. ನಿಂತು ನಿಂತು ಹಿಂಗಾಲು ಕಲ್ಲಾದವು. ಕುಪ್ಪಸ ಸಡಿಲ ಇದ್ದರೆ ಬೆನ್ನ ಹಿಂದೆ ಬಟ್ಟೆ ಒಣಹಾಕುವ ಕ್ಲಿಪ್. ಉಸಿರು ಬಿಟ್ಟರೆ ನಿರಿಗೆ ಕೆಡುತ್ತದೆ. ಆದರೆ ನಮಗೆ ಗೊತ್ತಿದ್ದದ್ದು ಬೆಂಗಳೂರಿನ ಮಾಡೆಲ್‌ಗೆ ಗೊತ್ತಿರಲಿಕ್ಕಿಲ್ಲ. ಇಳಕಲ್ ಸೀರೆಯಲ್ಲಿ ಗಿರಾಕಿ ನೋಡುವುದು ಸೆರಗು. ತೋಪ್ ತೆನಿಯ ಕೆಂಪು ಬಿಳುಪು ಪೂರ್ತಿ ಕಾಣಬೇಕು, ಭುಜದ ಮೇಲೆ ಮಡಚಿ ಪಿನ್ ಹಾಕಿದರೆ ಮುಗಿಯಿತು. ಮೈ ಹಾಸಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಕೂಡಿಸಿದ ಜಾಗ ಒಂದು ಫೋಟೊದಲ್ಲಾದರೂ ಹತ್ತಿರದಿಂದ ಬರಬೇಕು. ಚಿಕ್ಕಿ ಪರಾಸ ದಡಿ, ಗೋಮಿ ದಡಿ ಬೇರೆ ಬೇರೆ ಕಾಣಬೇಕು. ಸಾವ್ಕಾರರು ಹೇಳುವ ಮೊದಲೇ ನಾವೇ ಸೆರಗು ಬಿಡಿಸಿ ಹಿಡಿದೆವು.

ಇಲ್ಲೂ ಒಂದು ತಪ್ಪು ಮಾಡಿದೆವು. ಫೋಟೊ ಎಲ್ಲೆಲ್ಲಿ, ಎಷ್ಟು ದಿನ ಬಳಸುತ್ತೀರಿ ಅಂತ ಕೇಳಿರಲಿಲ್ಲ. ಎರಡು ತಿಂಗಳಿಗೆ ನಮ್ಮ ಗೆಳತಿ ಬೇರೆ ಊರಿನ ಬೇರೆ ಅಂಗಡಿಯ ಫ್ಲೆಕ್ಸ್ ಮೇಲೆ ನಗುತ್ತಿದ್ದಳು. ಅಲ್ಲಿಗೆ ಸಂತೆಗೆ ಹೋಗಿದ್ದ ಕಾಕಾ ಫೋಟೊ ಹೊಡೆದು ಕಳಿಸಿದರು, ಕೆಳಗೆ ಒಂದು ಪ್ರಶ್ನೆ ಚಿಹ್ನೆ ಅಷ್ಟೇ. ಆ ರಾತ್ರಿ ಮನೆಯಲ್ಲಿ ಬಹಳ ಮಾತಾಯಿತು, ಅದನ್ನೆಲ್ಲ ಬರೆಯುವುದಿಲ್ಲ. ಈಗ ಪ್ರತಿ ಕೆಲಸಕ್ಕೂ ಮೊದಲು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳುತ್ತೇವೆ: ಯಾವ ಅಂಗಡಿ, ಎಲ್ಲಿ ಹಾಕುತ್ತೀರಿ, ಎಷ್ಟು ತಿಂಗಳು, ಹಣ ಯಾವಾಗ. ಶೂಟಿಂಗ್‌ಗೆ ಒಬ್ಬಳೇ ಹೋಗುವುದಿಲ್ಲ. ಇಬ್ಬರೂ ಬನ್ನಿ ಅಂದರೆ ಮುಖ ಗಂಟಿಕ್ಕುವವರ ಕೆಲಸ ನಮಗೆ ಬೇಡ.

ಮೊದಲ ಫೋಟೊಗಳನ್ನು ಅವ್ವನಿಗೆ ತೋರಿಸಿದಾಗ ಅವಳು ಮುಖ ನೋಡಲಿಲ್ಲ. ಎರಡು ಬೆರಳಿನಿಂದ ಸೆರಗು ದೊಡ್ಡದು ಮಾಡಿದಳು. "ಈ ಕೊಂಡಿ ನಂದ" ಅಂದಳು. ಅವಳೇ ನೇಯ್ದು ಸಾವ್ಕಾರರಿಗೆ ಕೊಟ್ಟಿದ್ದ ಸೀರೆ.

"ನಿಂತಿದ್ದಕ್ಕ ಎಷ್ಟು ಕೊಟ್ರು?"

ಒಬ್ಬೊಬ್ಬರಿಗೆ 1,500 ಅಂದೆವು. ಆ ಸೀರೆಗೆ ಎಷ್ಟು ದಿನ ಕೂತಿದ್ದಳು, ಕೂಲಿ ಎಷ್ಟು ಬಂತು, ಅವಳ ಮನಸ್ಸಿನಲ್ಲೇ ಲೆಕ್ಕ ನಡೆದಂತಿತ್ತು. ನಮಗೂ ಆ ಲೆಕ್ಕ ಗೊತ್ತು. ಅವಳು ಮೊಬೈಲ್ ವಾಪಸ್ ಕೊಟ್ಟು ಮಗ್ಗಕ್ಕೆ ಇಳಿದಳು.

ಸಂಘದ ಸಾಲದಲ್ಲಿ ಇನ್ನು 7 ಕಂತು ಬಾಕಿ ಇವೆ. ಹೊಲಿಗೆ ಮಷೀನ್ ಎಲ್ಲಿ ಅಂತ ಅಧ್ಯಕ್ಷೆ ಅತ್ತಿ ಎರಡು ಸಲ ಕೇಳಿದ್ದಾರೆ.